ಹದಿನೈದು ಕುಂಚ, ಮೂರೇ ಕೆಲಸ

ಕವರು ಹರಿದು ಊಟದ ಮೇಜಿನ ಮೇಲೆ ಕೊಡವಿದಾಗ ಮೊದಲು ಬಿದ್ದದ್ದು ಕುಂಚವಲ್ಲ, ಒಂದು ಕೂದಲು. ಕಂದುಬಣ್ಣದ್ದು, ಕಣ್ಣರೆಪ್ಪೆಯ ಕೂದಲಷ್ಟೇ ಉದ್ದ. ಅದರ ಹಿಂದೆ ಗುಲಾಬಿ ಹಿಡಿಯ 15 ಬ್ರಷ್ಷು, ಎರಡೂ ತುದಿಗೆ ಲೋಹದ ಗುಂಡು ಕೂತ 5 ಡಾಟಿಂಗ್ ಟೂಲು ಉರುಳಿ ಬಂದವು. ಒಟ್ಟು 20 ಸಾಮಾನು, 189 ರೂಪಾಯಿ.

“ಒಂದಕ್ಕೆ ಹತ್ತು ರೂಪಾಯಿನೂ ಬೀಳ್ಲಿಲ್ಲ ನೋಡಿ ಅತ್ತೆ,” ಎಂದಳು ನನ್ನ ನಾದಿನಿಯ ಮಗಳು. ಪಿಯುಸಿ ಮುಗಿಸಿ ಸಿಇಟಿ ಸೀಟು ಹಂಚಿಕೆಗೆ ಕಾಯುತ್ತಿರುವ ಹುಡುಗಿ. ಕಾದು ಕಾದು ಬೇಜಾರಾಗಿ, ಉಗುರಿನ ಮೇಲೆ ಹೂವು ಬಿಡಿಸುವುದನ್ನಾದರೂ ಕಲಿಯೋಣ ಎಂದು ನಮ್ಮನೆಗೆ ಬಂದಿದ್ದಾಳೆ.

“ಹತ್ತು ರೂಪಾಯಿದು ಹತ್ತು ರೂಪಾಯಿ ಹಂಗೇ ಇರತ್ತೆ ಕಣೇ,” ಎಂದರು ನಮ್ಮತ್ತೆ, ಕೈಯಲ್ಲಿದ್ದ ಹತ್ತಿಯಿಂದ ಕಣ್ಣೆತ್ತದೆ. ಗೌರಿಹಬ್ಬಕ್ಕೆ ಇನ್ನೂ ತಿಂಗಳಿರುವಾಗಲೇ ಅವರ ಗೆಜ್ಜೆವಸ್ತ್ರದ ಕಾರ್ಖಾನೆ ಶುರುವಾಗಿರುತ್ತದೆ.

ಈ ಅಂಕಣದಲ್ಲಿ ಬಣ್ಣಗಳ ಬಗ್ಗೆ ಎಷ್ಟೋ ಬರೆದಿದ್ದೇನೆ, ಬ್ರಷ್ಷಿನ ವಿಷಯ ಬಂದಾಗ ಮಾತ್ರ ಜಾರಿಕೊಂಡಿದ್ದೇನೆ. ಕಾರಣ ಹೇಳಿಕೊಳ್ಳಲು ಸ್ವಲ್ಪ ನಾಚಿಕೆ. ನನ್ನ ಡಬ್ಬದಲ್ಲಿ ಒಂದೊಂದಕ್ಕೆ ಸಾವಿರ ರೂಪಾಯಿ ತೆತ್ತ ಬ್ರಷ್ಷುಗಳಿವೆ. ಅದನ್ನೇ ತಗೊಳ್ಳಿ ಎಂದು ಕಲಿಯುವವರಿಗೆ ಹೇಳಲು ಬಾಯಿ ಬರುವುದಿಲ್ಲ. ಅಗ್ಗದ್ದು ಸಾಕು ಎನ್ನೋಣವೆಂದರೆ ಅಂಥದ್ದನ್ನು ನಾನು ಮುಟ್ಟಿ ವರ್ಷಗಳಾಗಿವೆ. ಹಾಗಾಗಿ ಡಬ್ಬಕ್ಕೆ ಬೀಗ ಹಾಕಿ ಮೂರು ವಾರ ಈ ಗುಲಾಬಿ ಪಡೆಯ ಜೊತೆಗೇ ಸಂಸಾರ ಮಾಡಿದೆ.

ಮೊದಲ ದಿನವೇ ಎರಡು ಸತ್ತವು. ಕೂದಲ ಕಂತೆಯನ್ನು ಹಿಡಿಗೆ ಕಚ್ಚಿಸುವ ಬೆಳ್ಳಿಬಣ್ಣದ ತಗಡಿನ ಕೊರಳಿದೆಯಲ್ಲ, ಒಂದರಲ್ಲಿ ಅದೇ ಕಳಚಿ ಕೈಗೆ ಬಂತು. ಇನ್ನೊಂದರ ಕೂದಲು ಪ್ಲಾಸ್ಟಿಕ್ ಟೊಪ್ಪಿಗೆಯೊಳಗೆ ಮಡಚಿಕೊಂಡು ಕೊಕ್ಕೆಯಾಗಿತ್ತು. ಮಿಕ್ಕ 13ರಲ್ಲಿ ಬೀಸಣಿಗೆಯಂಥ ಫ್ಯಾನ್ ಬ್ರಷ್ ಒಂದು, ಮೂರು ಅಳತೆಯ ಚಪ್ಪಟೆಯವು, ಓರೆಯಾಗಿ ಕತ್ತರಿಸಿದ್ದೊಂದು, ಬೆಕ್ಕಿನ ನಾಲಿಗೆಯಂಥದ್ದು, ಇಂಥದ್ದೇ ಎಂದು ಹೇಳಲಾಗದ ದುಂಡನೆಯವು ಕೆಲವು, ಕಡೆಯಲ್ಲಿ ಗೆರೆ ಎಳೆಯುವ ತೆಳ್ಳನೆಯ ಲೈನರ್‌ಗಳು ಮೂರು. ಮದುವೆಗೆ ಉಡುಗೊರೆ ಬಂದ ಸ್ಟೀಲ್ ಪಾತ್ರೆಗಳ ಲೆಕ್ಕವೇ ಇದು. ಎಣಿಸಲು ಬಹಳ, ದಿನಾ ಒಲೆಯ ಮೇಲೆ ಏರುವುದು ಮೂರೇ. ಹೊಸದಾಗಿ ಕಲಿಯುವವರಿಗೆ ಬೇಕಾದ ಕೆಲಸವೂ ಮೂರೇ: ಗೆರೆ ಎಳೆಯುವುದು, ಚುಕ್ಕಿ ಇಡುವುದು, ಅಂಚು ಒರೆಸುವುದು.

ಗೆರೆಯದ್ದೇ ದೊಡ್ಡ ಕಥೆ.

ಮೂರು ಲೈನರ್‌ಗಳ ಕೂದಲನ್ನು ಸ್ಕೇಲಿಟ್ಟು ಅಳೆದೆ. ಒಂದು 5 ಮಿಲಿಮೀಟರ್, ಒಂದು 9, ಇನ್ನೊಂದು 12. ಹುಡುಗಿ ಎತ್ತಿಕೊಂಡದ್ದು 5ರದ್ದನ್ನು. ಎಲ್ಲರೂ ಹಾಗೇ ಮಾಡುತ್ತಾರೆ. ಗಿಡ್ಡದ್ದು ಕೈಯ ಹಿಡಿತಕ್ಕೆ ಸಿಗುತ್ತದೆ, ಉದ್ದದ್ದು ಎಲ್ಲೆಲ್ಲೋ ಓಲಾಡುತ್ತದೆ ಎಂದು ಮೇಲ್ನೋಟಕ್ಕೆ ಅನಿಸುತ್ತದೆ. ಬಿಳಿಯ ಉಗುರುಬಣ್ಣ ಅದ್ದಿ ಹೆಬ್ಬೆಟ್ಟಿನ ಉಗುರಿನ ಮೇಲೆ ಅಡ್ಡಗೆರೆ ಎಳೆದಳು. ಇರುವೆ ಹೋದ ದಾರಿಯ ಹಾಗೆ ಬಂತು. ಅಳಿಸಿದಳು, ಎಳೆದಳು, ಮತ್ತದೇ ಇರುವೆ. “ನನ್ನ ಕೈಯೇ ಸರಿ ಇಲ್ಲ ಅತ್ತೆ,” ಎಂದು ಬ್ರಷ್ಷನ್ನು ಕೆಳಗಿಟ್ಟಳು.

ಕೈ ಸರಿಯಾಗಿಯೇ ಇತ್ತು, ಕೂದಲು ಗಿಡ್ಡ. ಇದನ್ನು ನಾನು ಕಲಿತದ್ದು ಯಾವ ಪಾರ್ಲರಿನಲ್ಲೂ ಅಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಬಹಳ ವರ್ಷದ ಹಿಂದೆ ಸ್ಕೂಟರಿನ ನಂಬರ್ ಪ್ಲೇಟ್ ಬರೆಸಲು ಹೋಗಿದ್ದೆ. ಗಾಡಿ ಬಿಡಿಭಾಗದ ಅಂಗಡಿಗಳ ನಡುವೆ, ಫುಟ್‌ಪಾತಿನಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ ಹಿರಿಯರೊಬ್ಬರು ಪ್ಲೇಟ್ ತೆಗೆದುಕೊಂಡರು. ಅವರ ಕೈ ನಡುಗುತ್ತಿತ್ತು. ಬೀಡಿ ಹಚ್ಚಲು ಹೋದಾಗ ಬೆಂಕಿಕಡ್ಡಿಯ ಉರಿ ಎರಡು ಸಲ ಬೀಡಿಯನ್ನು ತಪ್ಪಿಸಿಕೊಂಡಿತು. ಅಯ್ಯೋ, ಇವರ ಕೈಗೆ ಕೊಟ್ಟೆನಲ್ಲ ಎಂದು ಒಳಗೊಳಗೇ ಕೊರಗಿದೆ. ಆದರೆ ಕಿರುಬೆರಳನ್ನು ತಗಡಿನ ಮೇಲೆ ಊರಿ, ಅರ್ಧ ಬೆರಳುದ್ದ ಕೂದಲಿನ ಬ್ರಷ್ಷನ್ನು ಇಳಿಸಿದರು ನೋಡಿ, ನಾಲ್ಕೂ ಅಂಕಿ ಅಚ್ಚು ಹಾಕಿದ ಹಾಗೆ ಕೂತವು. ನನ್ನ ಮುಖದಲ್ಲಿದ್ದ ಪ್ರಶ್ನೆ ಅವರಿಗೆ ಹಳೆಯದಿರಬೇಕು. “ಗಿಡ್ಡ ಕೂದ್ಲು ಕೈ ಹೇಳಿದ್ದೆಲ್ಲ ಬರೀತದಮ್ಮ,” ಎಂದರು. “ಉದ್ದದ್ದಕ್ಕೆ ಸ್ವಲ್ಪ ಕಿವುಡು. ನಡುಕ ಅದಕ್ಕೆ ಕೇಳ್ಸಲ್ಲ.”

ಆ ಮಾತಿನಲ್ಲಿ ಇಡೀ ವಿದ್ಯೆ ಇದೆ. ಉದ್ದ ಕೂದಲು ಮೈಮೇಲೆ ಬಣ್ಣ ಹೊತ್ತು, ಬಾಗಿ ಉಗುರಿನ ಮೇಲೆ ಮಲಗಿಕೊಳ್ಳುತ್ತದೆ. ನಾವು ಹಿಡಿಯನ್ನು ಎಳೆದರೆ ತುದಿ ಹಿಂದಿನಿಂದ ಹಿಂಬಾಲಿಸಿ ಬರುತ್ತದೆ, ಹಗ್ಗ ಕಟ್ಟಿದ ಕರುವಿನ ಹಾಗೆ. ಬೆರಳಿನ ಸಣ್ಣ ಅದುರೆಲ್ಲ ಆ ಬಾಗಿದ ಉದ್ದದಲ್ಲೇ ಕರಗಿಹೋಗುತ್ತದೆ. ಬಣ್ಣವೂ ಹೆಚ್ಚು ಹಿಡಿಯುವುದರಿಂದ ನಡುವೆ ಮತ್ತೆ ಅದ್ದುವ ಗೋಳಿಲ್ಲ, ಒಂದೇ ಉಸಿರಿಗೆ ಗೆರೆ ಮುಗಿಯುತ್ತದೆ. ಗಿಡ್ಡ ಕೂದಲಿನದ್ದು ಎಲೆಯ ತುದಿ, ಹೂವಿನ ಎಸಳು, ಗಿಳಿಯ ಕಣ್ಣು ಇಂಥವಕ್ಕೆ. ಅದು ಆಮೇಲಿನ ಪಾಠ. ಹುಡುಗಿಗೆ 12ರದ್ದನ್ನು ಕೊಟ್ಟು, ಕಿರುಬೆರಳನ್ನು ಎದುರಿನ ಕೈಯ ಮೇಲೆ ಊರಿಸಿದೆ. ಮೂರನೆಯ ಗೆರೆಗೆ ಇರುವೆ ಮಾಯವಾಯಿತು.

ಆ ಹಿರಿಯರ ಸ್ಟೂಲು ಈಗ ಅಲ್ಲಿಲ್ಲ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳು ಎಚ್‌ಎಸ್‌ಆರ್‌ಪಿ ಫಲಕ ಹೊತ್ತೇ ಶೋರೂಮಿನಿಂದ ಇಳಿಯುತ್ತವೆ, ಹಳೆಯವಕ್ಕೂ ಆಮೇಲೆ ಅದೇ ಕಡ್ಡಾಯವಾಯಿತು. ಅಚ್ಚೊತ್ತಿದ ಅಂಕಿಗೆ ಬ್ರಷ್ಷಿನ ಹಂಗೇನು?

ಅವರಿಗೂ ನಮಗೂ ಇರುವ ನಂಟು ಬ್ರಷ್ಷಿನದ್ದಷ್ಟೇ ಅಲ್ಲ, ಗಾಡಿಯದ್ದೂ ಹೌದು. ಹಿಂದೆ ಕಾರಿಗೆ ಹಚ್ಚಿದ ವಾರ್ನಿಶ್ ಬಣ್ಣ ಒಣಗಲು ವಾರಗಟ್ಟಲೆ ಬೇಕಾಗುತ್ತಿತ್ತು. ಅಮೆರಿಕದ ಡ್ಯುಪಾಂಟ್ ಕಂಪನಿಯ ಡ್ಯೂಕೋ ಎಂಬ ಬೇಗ ಒಣಗುವ ಬಣ್ಣ 1924ರ ಮಾಡೆಲ್ ಓಕ್‌ಲ್ಯಾಂಡ್ ಕಾರಿನ ಮೇಲೆ ಬಂದ ಮೇಲೆ ಆ ಕಾಯುವಿಕೆ ತಪ್ಪಿತು. ನಮ್ಮ ಬಡಗಿಗಳು ಈಗಲೂ “ಡ್ಯೂಕೋ ಹೊಡೆಸ್ಬೇಕಾ ಸಾರ್?” ಎಂದು ಕೇಳುತ್ತಾರಲ್ಲ, ಅದೇ. ಆ ಬಣ್ಣದ ಜೀವಾಳ ನೈಟ್ರೋಸೆಲ್ಯುಲೋಸ್. ಹತ್ತಿಯ ಅಥವಾ ಮರದ ತಿರುಳಿನ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿ ಮಾಡುವ ವಸ್ತು. ಅದೇ ದಶಕದಲ್ಲಿ ಅದು ಕಾರಿನಿಂದ ಉಗುರಿಗೂ ಏರಿತು. ಇವತ್ತಿಗೂ ಸಾಮಾನ್ಯ ನೇಲ್ ಪಾಲಿಶ್‌ನಲ್ಲಿ ಗಟ್ಟಿಯಾಗಿ ಹೊಳೆಯುವ ಪದರ ಕಟ್ಟುವುದು ಅದೇ. ನಮ್ಮತ್ತೆಯ ಕೈಯ ಹತ್ತಿಗೂ ನನ್ನ ಕೈಯ ಬಾಟಲಿಗೂ ಹೀಗೊಂದು ದೂರದ ನೆಂಟಸ್ತನವಿದೆ. ಅವರ ಮುಂದೆ ಹೇಳಿದೆ. “ಇರಬಹುದು, ಆದ್ರೆ ಅದನ್ನ ದೇವರಿಗೆ ಏರ್ಸಕ್ಕಾಗಲ್ವಲ್ಲ,” ಎಂದರು.

ಬೇಗ ಒಣಗುವ ಈ ಗುಣವೇ ಬ್ರಷ್ಷಿಗೆ ಯಮ. ಬಾಟಲಿಯಲ್ಲಿ ನೈಟ್ರೋಸೆಲ್ಯುಲೋಸನ್ನು ತೆಳುವಾಗಿ ಇಟ್ಟಿರುವುದು ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್ ಎಂಬ ದ್ರಾವಕಗಳು. ಗಾಳಿ ತಾಗಿದೊಡನೆ ಅವು ಹಾರಿಹೋಗುತ್ತವೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಇನ್ನೂ ಬೇಗ. ಮಂದವಾದ ಬಣ್ಣ ಬೆಲ್ಲದ ಪಾಕದ ಎಳೆಯ ಹಾಗೆ ಬ್ರಷ್ಷಿನ ಹಿಂದೆ ನೂಲು ಬಿಡುತ್ತದೆ. ಆಗ ಸಾವಿರ ರೂಪಾಯಿಯ ಬ್ರಷ್ಷು ಕೊಟ್ಟರೂ ಗೆರೆ ಬಾರದು. ಬ್ರಷ್ಷಿನ ಮೇಲೆ ಹೊರಿಸುವ ತಪ್ಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಳೇ ಬಾಟಲಿಯದ್ದು ಎಂಬುದು ಮೂರು ವಾರದ ನಂತರ ನನಗೆ ಖಾತ್ರಿಯಾಯಿತು. ಬಣ್ಣ ನೀರುಮಜ್ಜಿಗೆಗಿಂತ ಒಂದು ಹದ ದಪ್ಪ ಇದ್ದರೆ ಸಾಕು. ಮಂದವಾಗಿದ್ದರೆ ನೇಲ್ ಪಾಲಿಶ್ ಥಿನ್ನರ್ ಎಂದೇ ಕೇಳಿ ತಂದು ಎರಡು ಹನಿ ಹಾಕಿ. ಕೈಗೆ ಸಿಕ್ಕಿತೆಂದು ರಿಮೂವರ್ ಸುರಿಯಬೇಡಿ, ಅದರ ಅಸಿಟೋನು ಬಣ್ಣದ ಹದವನ್ನೇ ಒಡೆಯುತ್ತದೆ. ಬಾಟಲಿಗೇ ಬ್ರಷ್ಷು ಅದ್ದುವುದೂ ಬೇಡ. ಒಂದು ಹನಿಯನ್ನು ಸ್ಟೀಲ್ ಮುಚ್ಚಳದ ಮೇಲೆ ಬಿಟ್ಟುಕೊಂಡು, ಹೂಬತ್ತಿ ಹೊಸೆಯುವ ಹಾಗೆ ಬ್ರಷ್ಷನ್ನು ಬೆರಳಲ್ಲಿ ತಿರುಗಿಸುತ್ತ ಹನಿಯಿಂದ ಈಚೆಗೆ ಎಳೆದರೆ ಕೂದಲೆಲ್ಲ ಸೇರಿ ಒಂದೇ ಮೊನೆ ಆಗುತ್ತದೆ.

ಇನ್ನೂ ಸುಲಭದ ದಾರಿಯಿದೆ. ಮೊದಲ ತಿಂಗಳು ಉಗುರುಬಣ್ಣದಲ್ಲಿ ಚಿತ್ರ ಬಿಡಿಸಲೇ ಬೇಡಿ. ಬುಡಕ್ಕೆ ಪಾಲಿಶ್ ಹಚ್ಚಿ ಪೂರ್ತಿ ಒಣಗಿಸಿ, ಅದರ ಮೇಲೆ ಮಕ್ಕಳ ಡ್ರಾಯಿಂಗ್ ಡಬ್ಬದಲ್ಲಿರುವ ಅಕ್ರಿಲಿಕ್ ಬಣ್ಣದಲ್ಲಿ ಗೆರೆ ಎಳೆಯಿರಿ. ಅದು ನೀರಿನ ಬಣ್ಣ. ತಪ್ಪಿದರೆ ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸಬಹುದು, ಕೆಳಗಿನ ಪಾಲಿಶ್‌ಗೆ ಏನೂ ಆಗುವುದಿಲ್ಲ. ಬ್ರಷ್ಷು ನಲ್ಲಿ ನೀರಲ್ಲೇ ತೊಳೆದುಹೋಗುತ್ತದೆ. ಚಿತ್ರ ಒಣಗಿದ ಮೇಲೆ ಟಾಪ್ ಕೋಟ್ ಎಳೆದರೆ ಮುಗಿಯಿತು. ಅಗ್ಗದ ಬ್ರಷ್ಷಿನ ಆಯಸ್ಸು ಇದರಿಂದ ಎಷ್ಟೋ ಹೆಚ್ಚುತ್ತದೆ. ಕೈ ಕೂರುವ ತನಕ ಸಿಹಿತಿಂಡಿ ಡಬ್ಬದ ಪ್ಲಾಸ್ಟಿಕ್ ಮುಚ್ಚಳದ ಮೇಲೆ ಅಭ್ಯಾಸ ಮಾಡಿದರೆ ಉಗುರೂ ಉಳಿಯುತ್ತದೆ.

ಹೊಸ ಬ್ರಷ್ಷಿಗೂ ಒಂದು ಅಭ್ಯಂಜನ ಬೇಕು. ಅಂಗಡಿಯಿಂದ ಬಂದಾಗ ಕೂದಲು ಕಡ್ಡಿಯ ಹಾಗೆ ನೆಟ್ಟಗಿರುತ್ತದೆ, ಏಕೆಂದರೆ ಆಕಾರ ಕೆಡದಿರಲೆಂದು ಅಂಟು ಹಾಕಿರುತ್ತಾರೆ. ಅದನ್ನು ಉಗುರಿನಿಂದ ಕೆರೆದು ಬಿಡಿಸಿದರೆ ಕೂದಲು ಬುಡದಲ್ಲೇ ಮುರಿಯುತ್ತದೆ. ನಮ್ಮ ಹುಡುಗಿ ಒಂದನ್ನು ಹಾಗೇ ಮುರಿದಳು. ಉಗುರುಬೆಚ್ಚಗಿನ ನೀರಲ್ಲಿ ತುದಿಯನ್ನಷ್ಟೇ ಒಂದು ನಿಮಿಷ ಬಿಟ್ಟು, ಬೆರಳಲ್ಲಿ ಮೆಲ್ಲಗೆ ನೀವಿದರೆ ಅಂಟು ತಾನೇ ಬಿಡುತ್ತದೆ. ಅಂಟು ಹೋದ ಮೇಲೆ ಬ್ರಷ್ಷಿನ ನಿಜಬಣ್ಣ ಬಯಲಾಗುತ್ತದೆ. ಕೂದಲು ಸೇರಿ ಮೊನೆಯಾದರೆ ಜಾತಿ ಒಳ್ಳೆಯದು. ನಮ್ಮ 12ರದ್ದು ತುದಿಯಲ್ಲಿ ಎರಡಾಗಿ ಸೀಳಿ ಹಾವಿನ ನಾಲಿಗೆಯಾಯಿತು.

ಬಿಸಾಡಬೇಕಿಲ್ಲ. ಕತ್ತರಿ ಇದೆಯಲ್ಲ. ಇಲ್ಲೂ ಎಲ್ಲರೂ ಮಾಡುವ ತಪ್ಪೊಂದಿದೆ, ತುದಿಯನ್ನು ಸಮ ಮಾಡಲು ಹೋಗುವುದು. ತುದಿ ಕತ್ತರಿಸಿದ ಬ್ರಷ್ಷು ಸವೆದ ಪೊರಕೆಯೇ ಸರಿ. ಕತ್ತರಿಸಬೇಕಾದ್ದು ಬುಡದಲ್ಲಿ. ಕೂದಲನ್ನು ಒದ್ದೆ ಮಾಡಿ, ದಿಕ್ಕು ತಪ್ಪಿದ ಹೊರಸಾಲಿನ ಕೂದಲನ್ನು ಸೂಜಿಯ ಮೊನೆಯಿಂದ ಬೇರೆ ಮಾಡಿಕೊಂಡು, ತಗಡಿನ ಕೊರಳಿಗೆ ತಾಗಿಸಿ ಒಂದೊಂದಾಗಿ ಕತ್ತರಿಸುತ್ತ ಬರಬೇಕು. ಮೂರು ನಾಲ್ಕಕ್ಕೊಮ್ಮೆ ಬಣ್ಣ ಅದ್ದಿ ಗೆರೆ ಎಳೆದು ನೋಡಬೇಕು. ಕನ್ನಡಕ ಏರಿಸಿಕೊಂಡು, ಹೇನು ಹೆಕ್ಕುವ ತಾಳ್ಮೆಯಲ್ಲಿ ಅರ್ಧ ಗಂಟೆ ಕೂತೆ. ಕಡೆಗೆ ಹದಿನಾರೋ ಹದಿನೇಳೋ ಕೂದಲು ಉಳಿದವು. ಆ ಬ್ರಷ್ಷಿನಲ್ಲಿ ಎಳೆದ ಗೆರೆಯನ್ನು ನನ್ನ ಸಾವಿರ ರೂಪಾಯಿಯದ್ದರ ಪಕ್ಕದಲ್ಲಿಟ್ಟು ಹುಡುಗಿಗೆ ತೋರಿಸಿದೆ. ಯಾವುದು ಯಾವುದೆಂದು ಅವಳು ತಪ್ಪು ಹೇಳಿದಳು. ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು.

ಚುಕ್ಕಿಯ ವಿಷಯದಲ್ಲಿ ಅಷ್ಟು ಪಾಡಿಲ್ಲ. ಡಾಟಿಂಗ್ ಟೂಲು ಐದಕ್ಕೆ ಐದೂ ಚೆನ್ನಾಗಿದ್ದವು, ಕೆಡಲು ಅದರಲ್ಲಿ ಏನಿದೆ? ಅರ್ಧ ಮಿಲಿಮೀಟರಿನಿಂದ 3 ಮಿಲಿಮೀಟರಿನ ತನಕ ಬಗೆಬಗೆಯ ಗುಂಡು. ಅದೂ ಇಲ್ಲದಿದ್ದರೆ ಪೆನ್ಸಿಲ್ಲಿನ ಹಿಂದಿನ ರಬ್ಬರಿಗೆ ಗುಂಡುಸೂಜಿ ಚುಚ್ಚಿಕೊಳ್ಳಿ, ಅದೇ ಕೆಲಸ ಆಗುತ್ತದೆ. ರಂಗೋಲಿ ಹಾಕಿ ಬೆಳೆದ ಕೈಗೆ ಹೇಳಿಕೊಡಬೇಕಾದ್ದು ಒಂದೇ: ರಂಗೋಲಿಪುಡಿಯ ಚುಕ್ಕಿ ಬೀಳುತ್ತದೆ, ಬಣ್ಣದ ಚುಕ್ಕಿ ಕೂರುತ್ತದೆ. ಕಡ್ಡಿಯನ್ನು ನೆಟ್ಟಗೆ ಇಳಿಸಿ, ಒತ್ತದೆ, ಬಣ್ಣ ಉಗುರಿಗೆ ತಾಗಿದೊಡನೆ ನೆಟ್ಟಗೆ ಎತ್ತಬೇಕು. ಪ್ರತಿ ಚುಕ್ಕಿಗೂ ಹೊಸದಾಗಿ ಅದ್ದಿದರೆ ಎಲ್ಲ ಒಂದೇ ಗಾತ್ರ. ಒಮ್ಮೆ ಅದ್ದಿ ನಾಲ್ಕು ಇಟ್ಟರೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಮಣಿಸರ ತಾನಾಗಿ ಬರುತ್ತದೆ. ಉಂಗುರಬೆರಳಿನ ಉಗುರು ಹೆಚ್ಚೆಂದರೆ ಒಂದು ಸೆಂಟಿಮೀಟರ್ ಅಗಲ. ಅದರಲ್ಲಿ ಐದು ಚುಕ್ಕಿಯಿಂದ ಒಂದಕ್ಕೆ ಇಳಿಯುವ ಸಂದು ಚುಕ್ಕಿ ರಂಗೋಲಿ ಕೂರಿಸಿದ ದಿನ ಹುಡುಗಿ ಫೋಟೋ ತೆಗೆದು ಊರಿಗೆಲ್ಲ ಕಳಿಸಿದಳು.

ಅಂಚು ಒರೆಸುವುದು ಯಾರೂ ಹೇಳದ ಗುಟ್ಟು. ಪಾರ್ಲರಿನ ಉಗುರು ಅಷ್ಟು ಅಚ್ಚುಕಟ್ಟಾಗಿ ಕಾಣುವುದು ಅವರ ಕೈ ತಪ್ಪುವುದಿಲ್ಲವೆಂದಲ್ಲ, ತಪ್ಪಿದ್ದನ್ನು ಒರೆಸುತ್ತಾರೆಂದು. ಓರೆ ಅಂಚಿನ ಚಪ್ಪಟೆ ಬ್ರಷ್ಷನ್ನು ಅಸಿಟೋನಿನಲ್ಲಿ ಅದ್ದಿ, ಬಟ್ಟೆಗೆ ಒತ್ತಿ ಹೆಚ್ಚಿನದನ್ನು ತೆಗೆದು, ಚರ್ಮದ ಮೇಲೆ ಹರಿದ ಬಣ್ಣವನ್ನು ಉಗುರಿನ ಬುಡದ ಬಾಗನ್ನೇ ಅನುಸರಿಸಿ ಒರೆಸಬೇಕು. ಸೆಟ್ಟಿನಲ್ಲಿದ್ದ ಓರೆ ಬ್ರಷ್ಷು ಇದಕ್ಕೆ ಬಾರದು. ಕೂದಲು ಮೆತ್ತಗೆ, ಅಸಿಟೋನು ತಾಗಿದರೆ ಹಿಂಡಿದ ಬತ್ತಿಯಾಗುತ್ತದೆ. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳಿಗೆ ಮಾರುವ 2ನೇ ನಂಬರಿನ ಚಪ್ಪಟೆ ಬ್ರಷ್ಷು ಇದಕ್ಕಿಂತ ಎಷ್ಟೋ ವಾಸಿ. ನೈಲಾನಿನದ್ದೇ ಕೇಳಿ. ನೈಲಾನು ಅಸಿಟೋನಿಗೆ ಜಗ್ಗುವುದಿಲ್ಲ, ಪ್ರಾಣಿಗಳ ಕೂದಲಾದರೆ ಒಣಗಿ ಸಿಡಿಯುತ್ತದೆ. “ಇದು ಮುಂಗುಸಿ ಕೂದ್ಲು ಮೇಡಂ, ಒಳ್ಳೆ ಮಾಲು” ಎಂದು ಯಾರಾದರೂ ಗುಟ್ಟಾಗಿ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಆ ವ್ಯಾಪಾರ ಅಪರಾಧ.

ಅಸಿಟೋನಿನ ಮಾತು ಬಂತು, ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಎರಡನೆಯ ವಾರ ಬ್ರಷ್ಷು ತೊಳೆಯಲು ಬಟ್ಟಲು ಹುಡುಕುವ ಸೋಮಾರಿತನಕ್ಕೆ, ಹುಟ್ಟುಹಬ್ಬದಲ್ಲಿ ಉಳಿದಿದ್ದ ಥರ್ಮಾಕೋಲ್ ಲೋಟಕ್ಕೆ ಅಸಿಟೋನು ಸುರಿದೆ. ಲೋಟ ಕೂತಲ್ಲೇ ಕುಸಿಯಿತು. ಬಿಸಿಲಿಗಿಟ್ಟ ಐಸ್‌ಕ್ರೀಮಿನ ಹಾಗೆ ತಳ ಕರಗಿ, ಬಿಳಿಯ ಲೋಳೆ ಮೇಜಿನ ರೆಕ್ಸಿನ್ ಮೇಲೆ ಹರಡಿ, ರೆಕ್ಸಿನ್ನಿನ ದ್ರಾಕ್ಷಿಗೊಂಚಲನ್ನೂ ಕರೆದುಕೊಂಡು ಹೋಯಿತು. ಹೋಗಲಿ, ಮೂರು ಬ್ರಷ್ಷಿನ ಹಿಡಿಯ ಗುಲಾಬಿ ಬಣ್ಣವೂ ಕಿತ್ತು ಬೆರಳಿಗೆ ಮೆತ್ತಿತು. ಒಂದರ ಕೊರಳಿನ ಅಂಟು ಬಿಟ್ಟಿತು. ಸ್ಟೀಲಿನದೋ ಗಾಜಿನದೋ ಬಟ್ಟಲೇ ಬೇಕು, ಕೂದಲಷ್ಟೇ ಮುಳುಗಬೇಕು, ತಗಡು ಮುಳುಗಬಾರದು. ಒರೆಸಲು ಹತ್ತಿ ಬೇಡ, ಎಳೆ ಬಿಟ್ಟು ಮುಂದಿನ ಗೆರೆಗೆ ಮೀಸೆ ಬರುತ್ತದೆ. ಹಳೇ ಪಂಚೆಯ ತುಂಡು ಒಳ್ಳೆಯದು. ಇನ್ನೊಂದು ಮಾತು, ಅಸಿಟೋನಿನ ಆವಿಗೆ ಕಿಡಿ ತಾಗಿದರೆ ಸಾಕು. ದೇವರಮನೆಯ ದೀಪ ಉರಿಯುವಾಗ ಬಾಟಲಿ ತೆರೆದು ಅದರ ಹತ್ತಿರ ಕೂರಬೇಡಿ.

ಬಲಗೈಯವರಿಗೆ ಬಲಗೈ ಉಗುರೇ ಶತ್ರು. ಎಡಗೈಯಲ್ಲಿ ಬ್ರಷ್ಷು ಹಿಡಿದರೆ ನನ್ನ ಗೆರೆಯೂ ಇರುವೆಯೇ. ಅದಕ್ಕೆ ನಾನು ಬ್ರಷ್ಷನ್ನು ಅಲ್ಲಾಡಿಸುವುದನ್ನೇ ಬಿಟ್ಟಿದ್ದೇನೆ. ಎಡಗೈಯನ್ನು ಮೇಜಿಗೆ ಊರಿ, ಬ್ರಷ್ಷನ್ನು ಸ್ಥಿರವಾಗಿ ಹಿಡಿದು, ಬಲಗೈಯ ಬೆರಳನ್ನೇ ಅದರ ಕೆಳಗೆ ಮೆಲ್ಲಗೆ ಹೊರಳಿಸುತ್ತೇನೆ. ಟೈಲರ್ ಸೂಜಿಯ ಕೆಳಗೆ ಬಟ್ಟೆಯನ್ನು ಸರಿಸುವುದಿಲ್ಲವೇ, ಹಾಗೆ.

ನಮ್ಮತ್ತೆ ಇದನ್ನೆಲ್ಲ ನೋಡುತ್ತಲೇ ಇದ್ದರು. “ನಮಗೆ ಆಷಾಢದಲ್ಲಿ ಗೋರಂಟಿ ಅರೆದು ಬೆರಳಿಗೆ ಟೋಪಿ ಹಾಕ್ಕೊಂಡ್ರೆ ಮುಗೀತು, ದೀಪಾವಳಿ ತನಕ ಕೆಂಪು,” ಎಂದರು. ಲೆಕ್ಕ ಸರಿಯಾಗಿಯೇ ಇದೆ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಆ ಕೆಂಪು ನಾಲ್ಕು ತಿಂಗಳಲ್ಲಿ ಮೆಲ್ಲಗೆ ತುದಿಗೆ ಸರಿದು ಕಡೆಗೆ ಒಂದು ಎಳೆ ಉಳಿಯುತ್ತದೆ. ನಮ್ಮ ಪಾಲಿಶ್ ಪಾತ್ರೆ ತೊಳೆಯುವ ಮನೆಯಲ್ಲಿ ವಾರ ನಿಂತರೆ ಪುಣ್ಯ.

ಇನ್ನು ಖರ್ಚಿನ ಮಾತು. ಸೆಟ್ಟು ಕೊಳ್ಳಬೇಡಿ ಎನ್ನುವುದಿಲ್ಲ. 189 ರೂಪಾಯಿಗೆ ಐದು ಚುಕ್ಕಿಕಡ್ಡಿ, ತಿದ್ದಿಕೊಂಡ ಒಂದು ಒಳ್ಳೆಯ ಲೈನರ್ ಸಿಕ್ಕಿತು, ಕೈಗೆ ಭಯ ಬಿಟ್ಟಿತು. ಸಾವಿರ ರೂಪಾಯಿಯದ್ದಕ್ಕೆ ಕತ್ತರಿ ಹಾಕಲು ಯಾರಿಗೆ ಧೈರ್ಯ ಬರುತ್ತದೆ? ಆದರೆ ನೀವು ಬೆಂಗಳೂರಿನವರಾದರೆ, ಕಾಲಲ್ಲಿ ಶಕ್ತಿಯಿದ್ದರೆ, ಚಿಕ್ಕಪೇಟೆ, ಮಾಮೂಲ್‌ಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲಿ ಕೇಳಿ ನೋಡಿ. ಬಿಡಿಬಿಡಿಯಾಗಿ ಸಿಕ್ಕರೆ ಟೊಪ್ಪಿಗೆ ತೆಗೆದು ತುದಿ ನೋಡಿ, ತಗಡು ಅಲ್ಲಾಡಿಸಿ ಆರಿಸಬಹುದು. ತಂದ ಮೇಲೆ ಟೊಪ್ಪಿಗೆ ಮರಳಿ ಹಾಕುವಾಗ ಹುಷಾರು. ಮುಂದಿನಿಂದ ತೂರಿಸಿದರೆ ಕೂದಲು ಮಡಚುತ್ತದೆ, ಹಿಡಿಯ ಹಿಂದಿನಿಂದ ತೂರಿಸಿ ಮುಂದಕ್ಕೆ ತನ್ನಿ.

ಮೂರು ವಾರ ಮುಗಿದು, ಮೊನ್ನೆ ಗುಲಾಬಿ ಪಡೆಯನ್ನು ಎಣಿಸಿ ಎತ್ತಿಡಲು ಕೂತೆ. ಬ್ರಷ್ಷು 9 ಉಳಿದಿದ್ದವು. ಫ್ಯಾನ್ ಬ್ರಷ್ ಮಿಕ್ಸಿಯ ಸಂದಿನ ಹಿಟ್ಟು ಗುಡಿಸಲು ಅಡುಗೆಮನೆ ಸೇರಿದೆ. ಚುಕ್ಕಿಕಡ್ಡಿ ಮಾತ್ರ ನಾಲ್ಕೇ. ಮೇಜಿನ ಕೆಳಗೆ, ಸೋಫಾದ ಸಂದಿಯಲ್ಲಿ ಹುಡುಗಿ ತಡಕಾಡಿದಳು. ಆಮೇಲೆ ಪಡಸಾಲೆಯಿಂದ ಕೂಗಿದಳು, “ಅತ್ತೆ, ಅಜ್ಜಿ ಹತ್ರ ಇದೆ!”

ಅವರು ಎಂದಿನ ಜಾಗದಲ್ಲೇ ಕೂತಿದ್ದರು. ಮೊರದ ತುಂಬ ಗೆಜ್ಜೆವಸ್ತ್ರ, ಪಕ್ಕದ ಬಟ್ಟಲಲ್ಲಿ ಕಲಸಿದ ಕುಂಕುಮ. ಪ್ರತಿ ವರ್ಷ ಊದುಬತ್ತಿಯ ಕಡ್ಡಿಯಿಂದ ಇಡುತ್ತಿದ್ದ ಬೊಟ್ಟುಗಳು ಈ ಸಲ ಒಂದಕ್ಕಿಂತ ಒಂದು ದುಂಡಗೆ, ಒಂದೇ ಅಳತೆಗೆ ಕೂತಿದ್ದವು. ಕಡ್ಡಿಯನ್ನು ನೆಟ್ಟಗೆ ಇಳಿಸಿ ನೆಟ್ಟಗೆ ಎತ್ತುತ್ತಿದ್ದರು, ಪ್ರತಿ ಬೊಟ್ಟಿಗೂ ಹೊಸದಾಗಿ ಅದ್ದಿ.

“ಇದನ್ನ ಉಗುರಿಗೆ ಮುಟ್ಟಿಸಿಲ್ಲ ತಾನೇ?” ಎಂದು ಕೇಳಿದರು.

ಇಲ್ಲ ಎಂದೆ. ಅದು ದೊಡ್ಡ ಗುಂಡಿನದು, ನಮಗೆ ಅದರ ಕೆಲಸವೇ ಬಿದ್ದಿರಲಿಲ್ಲ.

“ಹಂಗಾದ್ರೆ ಇನ್ನೊಂದು ಇದ್ರೆ ತೆಗೆದಿಡು. ಅರಿಶಿನಕ್ಕೆ ಬೇರೆ ಬೇಕು.”